ಕೃಷಿ ಅರಣ್ಯ ಪ್ರೋತ್ಸಾಹ: ಲೆಕ್ಕ ಬದುಕಿದ ಗಿಡಕ್ಕೆ ಮಾತ್ರ

ರೈತರು ತಮ್ಮ ಜಮೀನಲ್ಲಿ ಮರ ಬೆಳೆಸೋಕೆ ಕರ್ನಾಟಕ ಅರಣ್ಯ ಇಲಾಖೆ ದುಡ್ಡು ಕೊಡೋ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ‘ಗಿಡಕ್ಕೆ 125 ರೂಪಾಯಿ’ ಸಿಗುತ್ತೆ ಅಂತ ಹೇಳೋದುಂಟು. ನೆಟ್ಟ ಕೂಡಲೇ ಸಿಗೋ ದುಡ್ಡಲ್ಲ ಅದು. ವರ್ಷದ ಕೊನೆಗೆ ಬದುಕಿರೋ ಗಿಡ ಎಣಿಸಿ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ಕೊಡ್ತಾರೆ. ನೂರು ನೆಟ್ಟು ಕ್ರಮವಾಗಿ 80, 70, 60 ಉಳಿದರೆ ಕೈಗೆ ಬರೋದು 8,600, 12,500 ಅಲ್ಲ. ಹೆಕ್ಟೇರಿಗೆ 400 ಗಿಡದ ಮಿತಿಯೂ ಇದೆ.

ಸಸಿ ಇಲಾಖೆಯ ನರ್ಸರಿಯದ್ದೇ ಆಗಿರಬೇಕು. ನೀಲಗಿರಿ, ಅಕೇಶಿಯ, ಸಿಲ್ವರ್ ಓಕ್‌ಗೆ ಪ್ರೋತ್ಸಾಹಧನ ಇಲ್ಲ. ತೆಂಗು, ಅಡಿಕೆಯಂತೂ ಕೇಳೋದೇ ಬೇಡ. ಮಳೆಗಾಲಕ್ಕೆ ಮೊದಲೇ ಪಹಣಿ, ಪಾಸ್‌ಬುಕ್ ಪ್ರತಿ ಹಿಡಿದು ವಲಯ ಅರಣ್ಯ ಕಚೇರಿಯಲ್ಲಿ ನೋಂದಾಯಿಸಿ. ಪಹಣಿ ಇನ್ನೂ ತಾತನ ಹೆಸರಲ್ಲಿದ್ದರೆ ಮೊದಲು ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಾಯಿಸೋದು) ಮಾಡಿಸಿಕೊಳ್ಳಿ. ಬೇಸಿಗೆಯಲ್ಲಿ ಮೇಕೆ ನುಗ್ಗದಂತೆ ಮುಳ್ಳುಬೇಲಿ ಹಾಕದಿದ್ದರೆ ಎಣಿಸೋಕೆ ಕೋಲು ಮಾತ್ರ ಉಳಿಯುತ್ತೆ.