ಡೈನೋಸಾರ್ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು

ಮತ್ತೆ ಬಂದಿದೆ ಆ ವಿಡಿಯೋ. ನಿಮ್ಮ ಫೋನಿಗೂ ಬಂದಿರುತ್ತದೆ ಬಿಡಿ. ಬರೀ ಎರಡು ಕೈ ಕಾಣುತ್ತವೆ, ಮುಖ ಇಲ್ಲ. ಬಿಳಿ ಟೇಬಲ್, ಒಂದು ಕಲೆಯೂ ಇಲ್ಲದ ಏಪ್ರನ್, ಹಿಂದೆ ಕುಣಿಯುವ ಸಂಗೀತ. ನಲವತ್ತು ಸೆಕೆಂಡ್ ಆಗುವಷ್ಟರಲ್ಲಿ ಯುನಿಕಾರ್ನ್ ಕೇಕ್, ಅಂದರೆ ಕಥೆಗಳಲ್ಲಿ ಬರುವ ಒಂಟಿ ಕೊಂಬಿನ ಕುದುರೆ, ಎದ್ದು ನಿಲ್ಲುತ್ತದೆ. ಕೆಳಗೆ ಒಂದು ಸಾಲು: 'ತುಂಬಾ ಸುಲಭ! ಮನೆಯಲ್ಲಿರುವ ಸಾಮಾನಿನಲ್ಲೇ ಮಾಡಿ. ಮಗುವಿನ ಬರ್ತ್‌ಡೇಗೆ ಅಮ್ಮನ ಪ್ರೀತಿಯ ಉಡುಗೊರೆ.'

ಮನೆಯಲ್ಲಿರುವ ಸಾಮಾನು ಯಾವುದು ಅಂತ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದೆ. ತಿರುಗುವ ಸ್ಟ್ಯಾಂಡ್. ಸಿಲಿಕಾನ್ ಅಚ್ಚು. ಕಾಮನಬಿಲ್ಲಿನ ಅಷ್ಟೂ ಬಣ್ಣದ ಜೆಲ್. ಕ್ರೀಮ್ ಒತ್ತಲು ಬಗೆಬಗೆಯ ನಾಝಲ್. ಕೊಂಬಿಗೆ ಬಂಗಾರದ ಪುಡಿ. ಕೆನ್ನೆಗೆ ಗುಲಾಬಿ ಬಣ್ಣ ಊದಲು ಒಂದು ಏರ್‌ಬ್ರಷ್. ಹೌದು, ಏರ್‌ಬ್ರಷ್. ಯಾರ ಮನೆಯಲ್ಲಿ ತಾನೇ ಇಲ್ಲ ಹೇಳಿ?

ಇದ್ದದ್ದೆಲ್ಲ ತೋರಿಸಿದರು, ಗಡಿಯಾರ ಒಂದನ್ನು ಬಿಟ್ಟು. ಕೇಕ್ ಬೇಯಬೇಕು. ಬೆಂದ ಮೇಲೆ ಪೂರ್ತಿ ಆರಬೇಕು, ಇಲ್ಲದಿದ್ದರೆ ಮೇಲೆ ಹಚ್ಚಿದ ಬೆಣ್ಣೆ ಕ್ರೀಮ್ ಕರಗಿ ತಟ್ಟೆಗೆ ಇಳಿಯುತ್ತದೆ. ಆಕಾರಕ್ಕೆ ಕೊಯ್ಯಬೇಕಾದರೆ ಫ್ರೀಜರ್‌ನಲ್ಲಿಟ್ಟು ಗಟ್ಟಿ ಮಾಡಿಕೊಳ್ಳಬೇಕು. ಮೆತ್ತಗಿರುವಾಗ ಚಾಕು ಹಾಕಿದರೆ ಪುಡಿಪುಡಿ. ಆ ಪುಡಿ ಹೊರಗೆ ಕಾಣದಂತೆ ತೆಳ್ಳಗೆ ಒಂದು ಪದರ ಕ್ರೀಮ್ ಬಳಿಯಬೇಕು. ಕ್ರಂಬ್ ಕೋಟ್ ಅಂದರೆ ಅದೇ. ಮತ್ತೆ ಫ್ರಿಜ್. ಮತ್ತೆ ಕ್ರೀಮ್. ಮತ್ತೆ ಫ್ರಿಜ್. ಆಮೇಲೆ ಫಾಂಡೆಂಟ್, ಅಂದರೆ ಹಿಟ್ಟಿನಂತೆ ನಾದಿದ ಸಕ್ಕರೆಯ ಹೊದಿಕೆ, ಲಟ್ಟಿಸಿ ಹೊದಿಸಬೇಕು. ಹೊದಿಸಿದ್ದನ್ನು ಫ್ರಿಜ್ಜಿನಲ್ಲಿಟ್ಟು ಹೊರಗೆ ತೆಗೆದಿರೋ, ಗಾಳಿಯ ತೇವವೆಲ್ಲ ಅದರ ಮೇಲೆ ಕೂತು ಯುನಿಕಾರ್ನ್ ಬೆವರಲು ಶುರು. ಮಾಡಿದವರೂ ಪಕ್ಕದಲ್ಲೇ ನಿಂತು ಬೆವರುತ್ತಿರುತ್ತಾರೆ, ಹಾಗಾಗಿ ಜೋಡಿ ಸರಿಹೋಗುತ್ತದೆ.

ಇನ್ನು ಕಪ್ಪು ಬಣ್ಣದ ಸಮಾಚಾರ ಬೇರೆಯೇ. ಮಗುವಿಗೆ ಬ್ಯಾಟ್‌ಮ್ಯಾನ್ ಬೇಕು. ಬಿಳಿ ಕ್ರೀಮಿಗೆ ಕಪ್ಪು ಹಾಕಿದರೆ ಬೂದಿ ಬಣ್ಣ ಬರುತ್ತದೆ. ಇನ್ನಷ್ಟು ಹಾಕಿದರೆ ಇನ್ನಷ್ಟು ಬೂದಿ. ಗೊತ್ತಿದ್ದವರು ಮೊದಲು ಕೋಕೋ ಪುಡಿ ಹಾಕಿ ಕಂದು ಮಾಡಿಕೊಂಡು, ಆಮೇಲೆ ಕಪ್ಪು ಬೆರೆಸಿ, ಒಂದು ರಾತ್ರಿ ಸುಮ್ನೆ ಬಿಡುತ್ತಾರೆ. ಬಣ್ಣ ತಾನಾಗೇ ಗಾಢವಾಗುತ್ತದೆ. ಗೊತ್ತಿಲ್ಲದವರು ಬಾಟಲಿ ಖಾಲಿ ಮಾಡುತ್ತಾರೆ. ಪಾರ್ಟಿಗೆ ಬಂದ ಮಕ್ಕಳೆಲ್ಲ ಕಪ್ಪು ಹಲ್ಲು, ಕಪ್ಪು ನಾಲಿಗೆಯಲ್ಲಿ ಫೋಟೋಗೆ ನಗುತ್ತವೆ. ಮಾರನೇ ದಿನ ಡಯಾಪರ್ ಬಿಚ್ಚಿದರೆ ಒಳಗೆ ಹಸಿರು! ಊಟದ ಬಣ್ಣ ಆ ಕಡೆಯಿಂದ ಹಸಿರಾಗಿ ಬರುವುದು ಮಾಮೂಲು, ಗಾಬರಿಯಾಗಬೇಕಾಗಿಲ್ಲ. ಆದರೆ ಇದನ್ನು ಯಾವ ವಿಡಿಯೋದಲ್ಲೂ ಹೇಳುವುದಿಲ್ಲ. ಬ್ಯಾಟ್‌ಮ್ಯಾನ್ ಕಥೆಯ ಎರಡನೇ ಭಾಗ ಅದು.

ಇಷ್ಟೆಲ್ಲ ಯಾರಿಗೆ? ಒಂದು ವರ್ಷದ ಮಗುವಿಗೆ. 'ಥೀಮ್ ಏನು?' ಅಂತ ಕೇಳುವುದು ಈಗ 'ಹೆಸರೇನು?' ಅಂತ ಕೇಳಿದಷ್ಟೇ ಸಹಜ. ಬಾಹ್ಯಾಕಾಶವಂತೆ. ಸಮುದ್ರದ ಆಳವಂತೆ. ಆಫ್ರಿಕಾದ ಕಾಡಂತೆ. ಮಗುವಿಗೆ ಇನ್ನೂ ತನ್ನ ಮೂಗು ಎಲ್ಲಿದೆ ಅಂತ ಸರಿಯಾಗಿ ಗೊತ್ತಿಲ್ಲ, ಶನಿಗ್ರಹದ ಬಳೆ ಗೊತ್ತಂತೆ! ಆ ವಯಸ್ಸಿನ ಮಕ್ಕಳಿಗೆ ನಿಜವಾಗಿ ಇಷ್ಟವಾಗುವುದು ಏನು ಅಂತ ಮನೆಯವರಿಗೆಲ್ಲ ಗೊತ್ತು. ಟಿವಿ ರಿಮೋಟ್. ಚಾರ್ಜರ್ ವೈರ್. ಹೊರಗೆ ಬಿಟ್ಟ ಚಪ್ಪಲಿ. ಚಪ್ಪಲಿ ಕಂಡರೆ ಹತ್ತು ಅಡಿ ದೂರದಿಂದ ಅಂಬೆಗಾಲಿನಲ್ಲಿ ಓಡಿಬರುತ್ತದೆ. ಬಾಯಿಗೆ ಇಟ್ಟುಕೊಂಡು ಕಣ್ಣು ಮುಚ್ಚುತ್ತದೆ. ಪ್ರಾಮಾಣಿಕವಾಗಿ ಥೀಮ್ ಕೇಕ್ ಮಾಡುವುದಾದರೆ ಚಪ್ಪಲಿ ಕೇಕ್ ಮಾಡಬೇಕು.

ಮಾಡಿದ್ದಾರೆ ಕೂಡ, ನೆನಪಿದೆಯಲ್ಲ? 2020ರ ಜುಲೈ. ಎಲ್ಲರೂ ಮನೆಯೊಳಗೆ ಕೂತಿದ್ದಾಗ ಇದ್ದಕ್ಕಿದ್ದಂತೆ ಎಲ್ಲ ವಸ್ತುವೂ ಕೇಕ್ ಆಗಿಬಿಟ್ಟವು. ರಬ್ಬರ್ ಚಪ್ಪಲಿಗೆ ಚಾಕು ಹಾಕಿದರೆ ಒಳಗೆ ಕೇಕ್. ಟಾಯ್ಲೆಟ್ ಪೇಪರ್ ಸುರುಳಿ ಕೊಯ್ದರೆ ಕೇಕ್. ದೊಡ್ಡವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ಅಂದರೆ ಚಪ್ಪಲಿ ಕೇಕ್ ದೊಡ್ಡವರ ಮೋಜಿಗೆ, ಚಪ್ಪಲಿಯನ್ನು ಪ್ರಾಣಕ್ಕಿಂತ ಜಾಸ್ತಿ ಪ್ರೀತಿಸುವ ಕೂಸಿಗೆ ಮಾತ್ರ ಬಾಹ್ಯಾಕಾಶ. ನ್ಯಾಯ ಅಲ್ವಾ ಇದು!

ಸ್ವಲ್ಪ ದೊಡ್ಡ ಮಕ್ಕಳ ಕಥೆಯೂ ಅಷ್ಟೇ. ಮೂರು ತಿಂಗಳಿಂದ ಡೈನೋಸಾರ್, ಡೈನೋಸಾರ್ ಅಂತ ಮನೆ ತುಂಬಾ ಗರ್ಜಿಸುತ್ತಿದ್ದ ಹುಡುಗ, ಕೇಕಿಗೆ ಬಾಲ ಅಂಟಿಸುತ್ತಿರುವ ಹೊತ್ತಿಗೆ ಅಡುಗೆಮನೆಗೆ ಬಂದು 'ನಂಗೆ ಫೈರ್ ಎಂಜಿನ್ ಬೇಕು' ಅನ್ನುತ್ತಾನೆ. ಅವನು ಹೇಳುವುದರಲ್ಲೂ ಅರ್ಥವಿದೆ. ಅಲ್ಲಿ ನಿಂತಿರುವುದು ಡೈನೋಸಾರ್ ಅಂತ ಅವನಿಗೆ ಅನ್ನಿಸಬೇಕಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಗಾದೆ ನಮ್ಮಲ್ಲಿ ಇರುವುದು ಸುಮ್ನೆ ಅಲ್ಲ. ಕುತ್ತಿಗೆ ವಾಲಿದೆ. ಒಂದು ಕಣ್ಣು ಇಳಿದಿದೆ. ತಲೆ ನಿಲ್ಲಲಿ ಅಂತ ಒಳಗೆ ಟೂತ್‌ಪಿಕ್ ಚುಚ್ಚಿದ್ದಾರೆ. ಯಾರ ಬಾಯಿಗೆ ಯಾವ ಟೂತ್‌ಪಿಕ್ ಹೋಗುತ್ತದೆ ಅನ್ನುವುದು ಆ ದಿನದ ಅದೃಷ್ಟ ಪರೀಕ್ಷೆ.

ಹಿಂದೆ ಹೀಗಿರಲಿಲ್ಲ. 1980ರಲ್ಲಿ ಆಸ್ಟ್ರೇಲಿಯಾದ ಒಂದು ಮಹಿಳಾ ಪತ್ರಿಕೆ ಮಕ್ಕಳ ಹುಟ್ಟುಹಬ್ಬದ ಕೇಕುಗಳ ಪುಸ್ತಕ ತಂದಿತು. ಆ ದೇಶದಲ್ಲಿ ಒಂದು ತಲೆಮಾರಿನ ಮಕ್ಕಳು ಅದರ ಚಿತ್ರ ನೋಡಿಯೇ 'ನಂಗೆ ಇದು ಬೇಕು' ಅಂತ ಬೆರಳಿಟ್ಟು ತೋರಿಸಿ ಬೆಳೆದರು. ಅದರ ಬಾತುಕೋಳಿಯ ಕೊಕ್ಕು ಯಾವುದು ಗೊತ್ತಾ? ಆಲೂಗಡ್ಡೆ ಚಿಪ್ಸ್! ತಲೆಯ ಜುಟ್ಟು ಪಾಪ್‌ಕಾರ್ನ್. ಈಜುಕೊಳ ಮಾಡಬೇಕಾದರೆ ಕೇಕ್ ನಡುವೆ ಗುಂಡಿ ತೋಡಿ ಜೆಲ್ಲಿ ತುಂಬಿಸಿಬಿಡುವುದು, ಅಷ್ಟೇ. ಯಾರೂ ಅದನ್ನು ಕಲಾಕೃತಿ ಅನ್ನಲಿಲ್ಲ. ಬಾತುಕೋಳಿ ಸ್ವಲ್ಪ ಕೋಳಿಯ ಹಾಗೆ ಕಂಡರೂ ನಡೆಯುತ್ತಿತ್ತು. ಮುಖ್ಯವಾಗಿ, ಕೊಕ್ಕಿನಿಂದ ಜುಟ್ಟಿನವರೆಗೆ ಅಷ್ಟನ್ನೂ ತಿನ್ನಬಹುದಿತ್ತು. ಈಗಿನ ಕೇಕಿನ ಮೇಲೆ ಏನೆಲ್ಲ ಇರುತ್ತದೆ ನೋಡಿ: ತಂತಿಯ ಹೂವು, ಪ್ಲಾಸ್ಟಿಕ್ ಮುತ್ತು, ರಟ್ಟಿನ ಹೆಸರು, ಮರದ ಕಡ್ಡಿ. ಇದೆಲ್ಲ ತೆಗೆದಿಟ್ಟ ಮೇಲೆ ಫಾಂಡೆಂಟ್ ಸುಲಿಯಬೇಕು. ಸಕ್ಕರೆ ಪುಡಿ, ಗ್ಲೂಕೋಸ್, ಜೆಲಟಿನ್, ಗ್ಲಿಸರಿನ್ ನಾದಿ ಮಾಡಿದ ಆ ಹೊದಿಕೆಯನ್ನು ಇಷ್ಟಪಟ್ಟು ತಿಂದವರನ್ನು ನಾನಂತೂ ನೋಡಿಲ್ಲ. ಪಾರ್ಟಿ ಮುಗಿದ ಮೇಲೆ ಪ್ರತಿ ತಟ್ಟೆಯ ಅಂಚಿನಲ್ಲೂ ಗುಲಾಬಿ ಬಣ್ಣದ ಸಿಪ್ಪೆ. ಇಡೀ ರಾತ್ರಿಯ ಕೆಲಸ ಆ ಸಿಪ್ಪೆ.

ಆಕಾರ ಕೆಟ್ಟರೆ ಒಂದು ಲಾಭವೂ ಇದೆ ಅನ್ನಿ. ಕೋರ್ಟಿಗೆ ಹೋಗಬೇಕಾಗಿಲ್ಲ. ನಗಬೇಡಿ, ಇಂಗ್ಲೆಂಡಿನಲ್ಲಿ ಹೋಗಿದ್ದಾರೆ. ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅಂಗಡಿಯವರು 1990ರಿಂದ ಒಂದು ಕಂಬಳಿಹುಳು ಕೇಕ್ ಮಾರುತ್ತಿದ್ದಾರೆ. ಹೆಸರು ಕಾಲಿನ್. ಸುರುಳಿ ಸುತ್ತಿದ ಚಾಕೊಲೇಟ್ ಕೇಕ್, ಬಿಳಿ ಚಾಕೊಲೇಟಿನ ನಗುಮುಖ. ಆಲ್ಡಿ ಅಂಗಡಿಯವರೂ ಒಂದು ಕಂಬಳಿಹುಳು ತಂದರು. ಅದರ ಹೆಸರು ಕತ್‌ಬರ್ಟ್. ನಮ್ಮ ಹುಳಕ್ಕೂ ನಿಮ್ಮ ಹುಳಕ್ಕೂ ಬಹಳ ಹೋಲಿಕೆಯಿದೆ ಅಂತ 2021ರ ಏಪ್ರಿಲ್‌ನಲ್ಲಿ ಹೈಕೋರ್ಟಿನಲ್ಲಿ ದಾವೆ ಬಿತ್ತು. ದೊಡ್ಡ ದೊಡ್ಡ ವಕೀಲರು ಎರಡು ಹುಳಗಳ ಮೂತಿಯನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತಿರುವುದನ್ನು ಸುಮ್ನೆ ಊಹಿಸಿಕೊಳ್ಳಿ. ಸಾಕ್ಷಿಯನ್ನು ಯಾರೂ ತಿಂದುಬಿಡದಂತೆ ಕಾಯಲು ಯಾರನ್ನಾದರೂ ಇಟ್ಟಿದ್ದರೋ ಏನೋ. 2022ರ ಫೆಬ್ರವರಿಯಲ್ಲಿ ಇಬ್ಬರೂ ರಾಜಿಯಾದರು. ಏನು ಒಪ್ಪಂದವಾಯಿತು ಅಂತ ಹೊರಗೆ ಬಿಡಲಿಲ್ಲ. ದೇಶದ ಭದ್ರತೆಯ ವಿಷಯ ಇರಬೇಕು.

ಮನೆಯಲ್ಲಿ ಮಾಡುವವರಿಗೆ ಈ ತಲೆನೋವಿಲ್ಲ. ನೀವು ಮಾಡಿದ ಸ್ಪೈಡರ್‌ಮ್ಯಾನ್ ಕಂಡು ಆ ಕಂಪನಿಯವರು ಬಂದರೂ, ಇದು ನಮ್ಮವನಲ್ಲ ಅಂತ ಅವರೇ ಬರೆದುಕೊಟ್ಟು ಹೋಗುತ್ತಾರೆ.

ಈ ಎಲ್ಲ ಕೆಲಸದಲ್ಲಿ ಅಪ್ಪನ ಪಾಲೇನು ಅಂತ ಕೇಳಬೇಡಿ. ಬಲೂನ್ ಊದುವುದು. ಅದೂ ಪಂಪಿನಲ್ಲಿ. 'ಅಮ್ಮನ ಪ್ರೀತಿ' ಅಂತ ಬರೆದವರು ಬಹಳ ಯೋಚಿಸಿಯೇ ಬರೆದಿದ್ದಾರೆ. ಹಗಲೆಲ್ಲ ದುಡಿದು ಬಂದ ಹೆಂಗಸು ರಾತ್ರಿಯೆಲ್ಲ ಕೊಂಬು ಅಂಟಿಸುತ್ತಾ ಕೂರುವುದಕ್ಕೆ ಬೇರೆ ಏನಾದರೂ ಹೆಸರಿಟ್ಟರೆ ಯಾರೂ ಮಾಡುವುದಿಲ್ಲ. ಕೂಲಿ ಕೇಳುತ್ತಾರೆ.

ಆಮೇಲೆ ಸ್ಮ್ಯಾಶ್ ಕೇಕ್. ಒಂದು ವರ್ಷದ ಮಗು ಕೈಯಲ್ಲಿ ಕುಟ್ಟಿ ಹಾಳು ಮಾಡಲೆಂದೇ ಇನ್ನೊಂದು ಪುಟ್ಟ ಕೇಕ್. ಎರಡು ವರ್ಷದವರೆಗೆ ಮಕ್ಕಳಿಗೆ ಮೇಲಿನಿಂದ ಹಾಕಿದ ಸಕ್ಕರೆ ಬೇಡವೇ ಬೇಡ ಅಂತ ಅಮೆರಿಕದ ಹಾರ್ಟ್ ಅಸೋಸಿಯೇಷನ್ 2016ರಲ್ಲೇ ಹೇಳಿದೆ. ಫೋಟೋದವರು ಕೇಳಬೇಕಲ್ಲ. 'ಕೈ ಹಾಕು ಚಿನ್ನಾ, ಕೈ ಹಾಕು!' ಮಗುವಿಗೆ ಆ ಅಂಟು ಇಷ್ಟವಿಲ್ಲ. ತಲೆಗೆ ಕಟ್ಟಿದ ರಬ್ಬರ್ ಕಿರೀಟವೂ ಇಷ್ಟವಿಲ್ಲ. ಅಳುತ್ತದೆ. ಅತ್ತಿದ್ದೂ ಮುದ್ದಾಗಿದೆ ಅಂತ ಅದನ್ನೂ ಹಾಕುತ್ತಾರೆ. ಇನ್ನೊಂದು ಕಡೆ, ಮೂರು ವರ್ಷದ ಅಕ್ಕ ದೊಡ್ಡ ಕೇಕಿನ ಬಾಲಕ್ಕೆ ಒಂದು ಬೆರಳು ತಾಗಿಸಿದರೆ ಸಭೆಯೇ ಕೂಗುತ್ತದೆ, 'ಮುಟ್ಟಬೇಡ! ಫೋಟೋ ಆಗಿಲ್ಲ!'

ಮೇಣದಬತ್ತಿಯ ಮೇಲೂ ಒಂದು ಸಂಶೋಧನೆ ಆಗಿದೆ. 2017ರಲ್ಲಿ ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದವರು ಪರೀಕ್ಷೆಗೆ ಬಂದವರಿಗೆ ಮೊದಲು ಪಿಜ್ಜಾ ತಿನ್ನಿಸಿದರು. ಆಮೇಲೆ ಫಾಯಿಲ್ ಮೇಲೆ ಕ್ರೀಮ್ ಹಚ್ಚಿ, ಮೇಣದಬತ್ತಿ ನೆಟ್ಟು, ಊದಿಸಿದರು. ಊದಿದ ಮೇಲೆ ಕ್ರೀಮಿನಲ್ಲಿ ಬ್ಯಾಕ್ಟೀರಿಯಾ ಸರಾಸರಿ 15 ಪಟ್ಟು ಆಗಿತ್ತು. ಇದು ಸುದ್ದಿಯಾಗಿದ್ದೇ ಆಗಿದ್ದು! ಎಂಜಲು, ಎಂಜಲು ಅಂತ ಎಲ್ಲರೂ ಮುಖ ಸಿಂಡರಿಸಿದರು. ಸಂಶೋಧಕರೇ ಇದರಿಂದ ದೊಡ್ಡ ಅಪಾಯವಿಲ್ಲ ಅಂದಿದ್ದರು, ಆ ಭಾಗ ಯಾರೂ ಓದಲಿಲ್ಲ. ಈಗ ಬತ್ತಿ ಊದಲು ಬೇರೆ ಕಪ್‌ಕೇಕ್, ಕೊಯ್ಯಲು ಬೇರೆ ಕೇಕ್. ಎಂಜಲಿಗೆ ಎಷ್ಟು ಹೆದರುತ್ತೇವೆ ನೋಡಿ.

ಅದೇ ಕೇಕಿನ ಮೇಲೆ ಉದುರಿಸುವ ಮಿಂಚುವ ಪುಡಿಗೆ ಯಾರೂ ಹೆದರುವುದಿಲ್ಲ.

ಇಲ್ಲಿ ನನಗೆ ತಮಾಷೆ ಬರುತ್ತಿಲ್ಲ. 2018ರಲ್ಲಿ ಅಮೆರಿಕದ ರೋಡ್ ಐಲೆಂಡಿನಲ್ಲಿ ಹುಟ್ಟುಹಬ್ಬದ ಕೇಕ್ ತಿಂದು ಆರು ಮಕ್ಕಳು ವಾಂತಿ ಮಾಡಿಕೊಂಡರು. ಕೇಕಿನ ಮೇಲಿದ್ದ ಬಂಗಾರದ ಬಣ್ಣದ ಪುಡಿಯಲ್ಲಿ ಇದ್ದದ್ದು ತಾಮ್ರ. 2019ರಲ್ಲಿ ಮಿಸ್ಸೌರಿಯಲ್ಲಿ ಒಂದು ವರ್ಷದ ಮಗುವಿನ ರಕ್ತದಲ್ಲಿ ಸೀಸ ಸಿಕ್ಕಿತು. ಹುಡುಕಿಕೊಂಡು ಹೋದರೆ ಅದೂ ಹುಟ್ಟುಹಬ್ಬದ ಕೇಕಿನ ಪುಡಿ. ಆ ಪುಡಿಯ ಶೇಕಡಾ 25ರಷ್ಟು ಬರೀ ಸೀಸ. ನಾಲ್ಕರಲ್ಲಿ ಒಂದು ಪಾಲು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಈ ಎರಡೂ ಘಟನೆಗಳನ್ನು 2021ರಲ್ಲಿ ಪ್ರಕಟಿಸಿತು. ಸೀಸ ಮಕ್ಕಳ ಮಿದುಳಿಗೆ ಏನು ಮಾಡುತ್ತದೆ ಅಂತ ಹೊಸದಾಗಿ ಹೇಳಬೇಕಾಗಿಲ್ಲ.

ಇಂಥ ಡಬ್ಬಿಗಳ ಮೇಲೆ ಏನು ಬರೆದಿರುತ್ತದೆ ಗೊತ್ತಾ? 'ನಾನ್-ಟಾಕ್ಸಿಕ್'. ಪಕ್ಕದಲ್ಲಿ ಸಾಸಿವೆಕಾಳಿನಷ್ಟು ಅಕ್ಷರದಲ್ಲಿ, 'ಅಲಂಕಾರಕ್ಕೆ ಮಾತ್ರ'. ಅಂದರೆ ತಿನ್ನುವ ವಸ್ತು ಅಲ್ಲ. ಕೇಕಿನ ಮೇಲೆ ಉದುರಿಸಲೆಂದೇ ಮಾರುತ್ತಾರೆ, ಆದರೆ ತಿನ್ನಬಾರದು! ಒಂದು ವರ್ಷದ ಮಗು ಈ ಸಾಲು ಓದಿ, ಪುಡಿ ಕೊಡವಿ, ಕೆಳಗಿನ ಕೇಕ್ ಮಾತ್ರ ತಿನ್ನಬೇಕು ಅಂತ ಇವರ ಲೆಕ್ಕ. ನಾಚಿಕೆಯಾಗಬೇಕು. ವಕೀಲರನ್ನು ಕೂರಿಸಿಕೊಂಡು ಎರಡು ಹುಳಗಳ ಮೂತಿ ಅಳೆಯಲು ಸಮಯವಿದೆ, ಇದನ್ನು ಬೇರೆ ಕಪಾಟಿನಲ್ಲಿಡಲು ಸಮಯವಿಲ್ಲ. ಮರಕ್ಕೆ, ಗಾಜಿಗೆ ಹಚ್ಚುವ ಬಣ್ಣದ ಪಕ್ಕದಲ್ಲಿಡಿ ಸ್ವಾಮಿ, ಕೇಕಿಗೆ ಉದುರಿಸುವ ಬಣ್ಣದ ಸಕ್ಕರೆ ಕಾಳು, ಆ ಸ್ಪ್ರಿಂಕಲ್ಸ್ ಪಕ್ಕದಲ್ಲಿ ಯಾಕೆ ಇಡುತ್ತೀರಿ?

ಮನೆಯಲ್ಲಿ ಡಬ್ಬಿ ಇದ್ದರೆ ತಿರುಗಿಸಿ ನೋಡಿ. ತಿನ್ನುವ ಪುಡಿಯಾದರೆ 'ಎಡಿಬಲ್' ಅಂತ ಇರುತ್ತದೆ, ಒಳಗೆ ಏನೇನಿದೆ ಅಂತ ಪಟ್ಟಿಯೂ ಇರುತ್ತದೆ: ಸಕ್ಕರೆ, ತಿನ್ನುವ ಗೋಂದು, ಕಾರ್ನ್‌ಫ್ಲೋರ್, ಊಟಕ್ಕೆ ಒಪ್ಪಿಗೆಯಾದ ಬಣ್ಣ, ಹೀಗೆ. ಪಟ್ಟಿಯೇ ಇಲ್ಲದಿದ್ದರೆ ಕಸದ ಬುಟ್ಟಿಗೆ ಹಾಕಿ. ಯುನಿಕಾರ್ನ್ ಕೊಂಬು ಮಿಂಚದಿದ್ದರೆ ಆ ಪ್ರಾಣಿ ಬೇಜಾರು ಮಾಡಿಕೊಳ್ಳುವುದಿಲ್ಲ. ಇದ್ದರೆ ತಾನೇ.

ಸರಿ, ಥೀಮ್ ಬೇಕೇ ಬೇಕು ಅನ್ನುವವರಿಗೆ ಒಂದು ಉಪಾಯ. ದುಂಡಗಿನ ಚಾಕೊಲೇಟ್ ಕೇಕ್ ಮಾಡಿ. ಮೇಲೆ ಬಿಸ್ಕತ್ತು ಪುಡಿ ಚೆಲ್ಲಿ. ಮನೆಯಲ್ಲಿರುವ ಆಟಿಕೆ ಡೈನೋಸಾರನ್ನು ಸೋಪು ಹಾಕಿ ತೊಳೆದು ನಡುವೆ ನಿಲ್ಲಿಸಿ. ಮಗು ಬಹಳ ಚಿಕ್ಕದಾದರೆ, ಬಾಯೊಳಗೆ ಹೋಗದಷ್ಟು ದೊಡ್ಡ ಡೈನೋಸಾರ್ ಇರಲಿ. ಅದಕ್ಕೆ ಎರಡೂ ಕಣ್ಣು ಸರಿಯಾದ ಜಾಗದಲ್ಲೇ ಇರುತ್ತವೆ. ಕುತ್ತಿಗೆ ವಾಲುವುದಿಲ್ಲ. ಕೊನೇ ಗಳಿಗೆಯಲ್ಲಿ ಹುಡುಗ ಮನಸ್ಸು ಬದಲಾಯಿಸಿದರೆ ಡೈನೋಸಾರ್ ಎತ್ತಿ ಫೈರ್ ಎಂಜಿನ್ ಇಡಿ, ಎರಡು ಸೆಕೆಂಡಿನ ಕೆಲಸ. ಬಂದವರು ಯಾರಾದರೂ ಮೂಗು ಮುರಿದು 'ಇಷ್ಟೇನಾ?' ಅಂದರೆ, ಬೇರೆ ಯಾರದ್ದೋ ಪಾರ್ಟಿಯಲ್ಲಿ ಉಳಿದ ಫಾಂಡೆಂಟನ್ನು ಎತ್ತಿಟ್ಟುಕೊಂಡಿದ್ದು ಅವರ ತಟ್ಟೆಗೆ ಬಡಿಸಿ.