ಇರುವುದೋ, ಇರುವುದಿಲ್ಲವೋ?

ಚಿಕ್ಕಮಗಳೂರಿನಲ್ಲಿ ಪುನರ್ವಸು ಮಳೆ ಹಿಡಿದು ಮೂರು ದಿನವಾಗಿತ್ತು. ಒಂದು ಕಚೇರಿಯಿಂದ ನನಗೊಂದು ಬೇಬಾಕಿ ಪತ್ರ ಸಿಕ್ಕಿತು. ‘ಸದರಿಯವರಿಂದ ಯಾವುದೇ ಬಾಕಿ ಇರುವುದಿಲ್ಲ’ ಎಂದು ಅದರಲ್ಲಿ ಇರಬೇಕಿತ್ತು. ಆದರೆ ಹಾಳೆಯ ನೆತ್ತಿಯಿಂದ ಪಾದದವರೆಗೆ ಬೆರಳಗಲದ ಬಿಳಿ ಪಟ್ಟೆಯೊಂದು ಇಳಿದಿತ್ತು. ಅದು ನನ್ನ ತಂದೆಯ ಹೆಸರಿನ ಅರ್ಧವನ್ನೂ ತಾರೀಖಿನ ಒಂದು ಅಂಕಿಯನ್ನೂ ನುಂಗಿ, ಬಾಯಾರಿಕೆಗೆಂಬಂತೆ ‘ದಿಲ್ಲ’ವನ್ನೂ ಕುಡಿದುಬಿಟ್ಟಿತ್ತು. ಉಳಿದದ್ದು ‘ಯಾವುದೇ ಬಾಕಿ ಇರುವು’.

ಬ್ಯಾಂಕಿನ ಮೇಡಂ ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದು, ಕನ್ನಡಕ ಮೇಲೇರಿಸಿ, ಕೆಳಗಿಳಿಸಿ ನೋಡಿದರು. “ಇರುವುದೋ, ಇರುವುದಿಲ್ಲವೋ? ಅವರನ್ನೇ ಕೇಳಿಕೊಂಡು ಬನ್ನಿ ಸಾರ್” ಎಂದರು. ಕನ್ನಡದ ಕಷ್ಟವೇ ಇದು. ಇಲ್ಲ ಎನ್ನುವುದನ್ನು ನಾವು ವಾಕ್ಯದ ಬಾಲಕ್ಕೆ ಕಟ್ಟುತ್ತೇವೆ. ಬಾಲ ಹೋದರೆ ಸಾಲ ಬಂತು.

ಮರಳಿ ಹೋದೆ. ಗುಮಾಸ್ತರು ಪತ್ರವನ್ನು ಒಂದೇ ಉಸಿರಿನಲ್ಲಿ, ‘ದಿಲ್ಲ’ವನ್ನೂ ಸೇರಿಸಿ, ಓದಿ ತೋರಿಸಿದರು. “ಚೆನ್ನಾಗಿಯೇ ಓದಲು ಬರುತ್ತದಲ್ಲ ಸಾರ್?” ಹನ್ನೆರಡು ವರ್ಷದಿಂದ ಅದೇ ನಮೂನೆಯನ್ನು ಕೊಡುತ್ತಿರುವವರಿಗೆ ಖಾಲಿ ಹಾಳೆ ಕೊಟ್ಟರೂ ಓದಲು ಬರುತ್ತದೆ. ಬಾಲ್‌ಪೆನ್ನಿನಲ್ಲಿ ತುಂಬಿಕೊಡಿ ಎಂದೆ. ಗಣಕೀಕೃತ ಪತ್ರದಲ್ಲಿ ಕೈಬರಹ ಸೇರಿದರೆ ಸಾಹೇಬರ ಸಣ್ಣ ಸಹಿ ಬೇಕಂತೆ. ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಅವರು ಯಾವಾಗಲೂ ಅಲ್ಲಿಯೇ ಇರುತ್ತಾರೆ.

ಪಟ್ಟೆಯಲ್ಲದೆ ಪುಟದ ಎಡಗಡೆ ಕಪ್ಪು ಚುಕ್ಕೆಗಳೂ ಇದ್ದವು, ಒಂದರ ಕೆಳಗೊಂದು. “ಅದು ದೃಷ್ಟಿಬೊಟ್ಟು ಸಾರ್” ಎಂದು ಅಟೆಂಡರ್ ನಕ್ಕರು. ಮೇಜಿನ ಮೇಲಿದ್ದ ಸ್ಕೇಲಿನಿಂದ ಅಳೆದೆ: ಚುಕ್ಕೆಯಿಂದ ಚುಕ್ಕೆಗೆ 75 ಮಿಲಿಮೀಟರ್. ಇಂಥ ಸಣ್ಣ ಲೇಸರ್ ಪ್ರಿಂಟರುಗಳಲ್ಲಿ ಅಕ್ಷರ ಮೂಡಿಸುವ ಉರುಳೆಯ, ಅಂದರೆ ಡ್ರಮ್ಮಿನ, ಸುತ್ತಳತೆ ಸಾಮಾನ್ಯವಾಗಿ ಅಷ್ಟೇ ಇರುತ್ತದೆ. ಡ್ರಮ್ಮಿನ ಮೈಮೇಲೆ ಎಲ್ಲೋ ಒಂದು ಗಾಯವಾಗಿದ್ದರೆ, ಅದು ಒಂದು ಸುತ್ತು ಬಂದಾಗಲೆಲ್ಲ ಹಾಳೆಯ ಮೇಲೆ ಒಂದು ಬೊಟ್ಟು ಇಡುತ್ತದೆ. ಯಂತ್ರ ತನ್ನ ಕಾಯಿಲೆಯನ್ನು ಅಷ್ಟು ಕರಾರುವಾಕ್ಕಾಗಿ ಅರ್ಜಿ ಬರೆದು ಕೊಡುತ್ತಿತ್ತು. ಸ್ವೀಕೃತಿ ಕೊಡುವವರಿರಲಿಲ್ಲ.

ಹಾಗೆಂದು ಕಚೇರಿ ಸುಮ್ಮನೆ ಕುಳಿತಿತ್ತೆಂದು ಯಾರೂ ತಿಳಿಯಬಾರದು. ಕಡತವಿತ್ತು, ದಪ್ಪನೆಯದೇ ಇತ್ತು. ಟೋನರ್ ಎಂಬ ಕಪ್ಪು ಪುಡಿಯೂ ಆ ಡ್ರಮ್ಮೂ ಇರುವ ಹೊಸ ಕಾರ್ಟ್ರಿಡ್ಜ್ ಕೇಳಿದರೆ ಮೇಲಿನವರ ಟಿಪ್ಪಣಿ ಹೀಗೆ: ಪೆಟ್ಟಿಗೆಯ ಮೇಲೆ 1500 ಪುಟ ಎಂದು ನಮೂದಾಗಿದೆ, ಆಗಿರುವುದು 940, ಉಳಿದ 560 ಪುಟಗಳ ಬಗ್ಗೆ ಸಮಜಾಯಿಷಿ ಕೊಡುವುದು. ಆ 1500, ಪುಟದ ನೂರರಲ್ಲಿ ಐದು ಪಾಲು ಮಾತ್ರ ಕಪ್ಪಾಗುವ ಲೆಕ್ಕ. ಈ ಕಚೇರಿಯ ನಮೂನೆಗೋ ನಾಲ್ಕು ಸುತ್ತಲೂ ಮದುವೆ ಕರೆಯೋಲೆಯಂಥ ದಪ್ಪ ಅಂಚು, ತಲೆಯಲ್ಲಿ ಕಪ್ಪು ಪಟ್ಟಿ. ಟೋನರೆಲ್ಲ ಅಂಚಿಗೇ ಹೋಗುತ್ತಿತ್ತು, ಅಕ್ಷರಕ್ಕೆ ಉಳಿದದ್ದು ಪ್ರಸಾದ.

ದುರಸ್ತಿಗೆ ಮೂರು ದರಪಟ್ಟಿ ತರಿಸಬೇಕೆಂದಾಯಿತು. ಕೇಳಿಕೆ ಪತ್ರವನ್ನು ಅದೇ ಪ್ರಿಂಟರಿನಲ್ಲಿ ತೆಗೆದರು. ಪಟ್ಟೆ ‘ಮುದ್ರಣ’ವನ್ನು ತಿಂದು ‘ಯಂತ್ರ ದುರಸ್ತಿ’ಯನ್ನು ಬಿಟ್ಟಿತು. ಒಬ್ಬ ಮೆಕ್ಯಾನಿಕ್ ಹಣ್ಣಿನ ಸಿಪ್ಪೆ ಸುಲಿಯುವ ಕಾಫಿ ಪಲ್ಪರ್ ರಿಪೇರಿಗೆ ದರ ಕಳಿಸಿದ್ದ. ಅದೇ ಅತಿ ಕಡಿಮೆಯ ದರವೆಂದು ಕಡತದಲ್ಲಿ ದಾಖಲಾಗಿದೆ.

ಇದಕ್ಕೂ ಹಿಂದಿನ ಕಾರ್ಟ್ರಿಡ್ಜ್ ಸತ್ತ ಕಥೆಯನ್ನು ಅಟೆಂಡರ್ ತಾವೇ ಹೇಳಿದರು. ಅಕ್ಷರ ಮಸುಕಾದಾಗ, ಮಳೆಗಾಲವಲ್ಲವೇ, ಥಂಡಿ ಹಿಡಿದಿರಬೇಕು ಎಂದುಕೊಂಡು, ಬಿಸಿಲು ಬಂದ ಒಂದು ಮಧ್ಯಾಹ್ನ ಅದನ್ನು ಹೊರತೆಗೆದು ಜಗುಲಿಯಲ್ಲಿ ಹರವಿದ್ದರು, ಹಸಿರು ಡ್ರಮ್ ಮೇಲಾಗಿ, ಸಂಡಿಗೆಯ ಹಾಗೆ. ಆ ಡ್ರಮ್ ಬದುಕುವುದೇ ಕತ್ತಲೆಯಲ್ಲಿ. ಅದರ ಮೈಮೇಲಿನ ವಿದ್ಯುದಂಶವನ್ನು ಲೇಸರ್ ಬೆಳಕು ಎಲ್ಲೆಲ್ಲಿ ಅಳಿಸುತ್ತದೋ ಅಲ್ಲಲ್ಲಿ ಪುಡಿ ಕೂರುತ್ತದೆ. ಪುಡಿ ಹಾಳೆಗೆ ಇಳಿಯುತ್ತದೆ, ಸುಮಾರು 200 ಡಿಗ್ರಿ ಶಾಖದ ಉರುಳೆಯ ಕೆಳಗೆ ಕರಗಿ ಅಂಟಿಕೊಳ್ಳುತ್ತದೆ. ಬಿಸಿಲಿಗಿಡಬಾರದ ಒಂದೇ ಒಂದು ಸಾಮಾನನ್ನು ಬಿಸಿಲಿಗಿಟ್ಟು, ಒಣಗಿರಲೇಬೇಕಾದ ಕಾಗದದ ಕಟ್ಟನ್ನು ಬಾಯಿ ಬಿಚ್ಚಿ, ಸೋರುವ ಕಿಟಕಿಯ ಕೆಳಗೆ, ಬರೀ ಸಿಮೆಂಟು ನೆಲದ ಮೇಲೆ ಇಟ್ಟಿದ್ದರು. ಹಾಳೆ ಪ್ರಿಂಟರಿನಿಂದ ಹೊರಬರುವಾಗ ಸಣ್ಣಗೆ ಹಬೆಯಾಡುತ್ತಿತ್ತು, ಕೆಂಡದ ಮೇಲಿನ ಹಪ್ಪಳದಂತೆ ಮುರುಟುತ್ತಿತ್ತು.

ಇದೆಲ್ಲ ನಡೆದದ್ದು ಕಾಫಿ ಸೀಮೆಯಲ್ಲಿ! ಸಿಪ್ಪೆ ಸುಲಿದು ಕಣದಲ್ಲಿ ಹರವಿದ ಪಾರ್ಚ್‌ಮೆಂಟ್ ಕಾಫಿಯ ತೇವ ನೂರಕ್ಕೆ ಹತ್ತರ ಆಸುಪಾಸಿಗೆ ಇಳಿಯುವವರೆಗೆ ಚೀಲಕ್ಕೆ ತುಂಬದ, ಇಬ್ಬನಿ ಬೀಳುವ ಮೊದಲು ಟಾರ್ಪಾಲು ಹೊದಿಸಲು ಓಡುವ ಜನ ನಾವು. ಅದೇ ಜನ ಸರ್ಕಾರಿ ಕುರ್ಚಿಯಲ್ಲಿ ಕೂತರೆ ತೇವ ಎಂಬ ಪದವೇ ಮರೆತುಹೋಗುತ್ತದೆ.

ತಮ್ಮ ಪತ್ರಕ್ಕೆಂದು ಬಂದು ಬೆಂಚಿನ ಮೇಲೆ ಕೂತಿದ್ದ ಪಕ್ಕದ ತೋಟದ ಗೌಡರು ಎದ್ದರು. ಕಟ್ಟಿನಿಂದ ಒಂದು ಹಾಳೆ ಎಳೆದು ಕಿವಿಯ ಬಳಿ ಅಲ್ಲಾಡಿಸಿದರು. ಸಿಪ್ಪೆ ಸಮೇತ ಒಣಗಿದ ಚೆರ್ರಿ ಕಾಫಿಯನ್ನು ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಲಗಲ ಎನ್ನಬೇಕು, ಅವರಿಗೆ ಗೊತ್ತಿದ್ದ ಪರೀಕ್ಷೆ ಅದು. ಹಾಳೆ ಒದ್ದೆ ಪಂಚೆಯಂತೆ ತೊಯ್ಯನೆ ಬಾಗಿತು. “ಇದು ಇನ್ನೂ ಹಸಿ ಇದೆಯಲ್ಲ ಮಾರಾಯರೇ” ಎಂದರು.

ಬೀರುವಿನ ಮೇಲಿನ ಒಡೆಯದ ಕಟ್ಟನ್ನು ಇಳಿಸಲಾಯಿತು. ಸ್ವಿಚ್ ಆರಿಸಿ ಮುಚ್ಚಳ ತೆಗೆದರೆ ಬೆಳಕು ಬರುವ ಕಿಂಡಿಗೆ ಅಡ್ಡವಾಗಿ ಜೇಡವೊಂದು ಸಂಸಾರ ಹೂಡಿತ್ತು. ‘ದಿಲ್ಲ’ವನ್ನು ತಿಂದವರು ಇವರೇ. ಒಣ ಬಟ್ಟೆಯಲ್ಲಿ ಒರೆಸಿದೆವು. ಕಾರ್ಟ್ರಿಡ್ಜನ್ನು ತೊಟ್ಟಿಲಿನಂತೆ ಅತ್ತಿಂದಿತ್ತ ಐದಾರು ಸಲ ತೂಗಿದರೆ ಮೂಲೆಗೆ ಸರಿದ ಪುಡಿ ಸಮನಾಗುತ್ತದೆ. ತೂಗಿದೆವು. ಇನ್ನು ಉಳಿದದ್ದು ಕಂಪ್ಯೂಟರಿನಲ್ಲಿ ‘ಟೋನರ್ ಉಳಿತಾಯ’ದ ಎದುರು ಇದ್ದ ಒಂದು ಟಿಕ್. ಅದನ್ನು ಹಾಕಿದವರು ಸಕಲೇಶಪುರಕ್ಕೆ ವರ್ಗವಾಗಿ ಹೋಗಿದ್ದಾರೆ, ಅವರು ಹಾಕಿದ್ದನ್ನು ನಾನು ಹೇಗೆ ತೆಗೆಯಲಿ ಎಂದು ಗುಮಾಸ್ತರು ನಿಜವಾಗಿಯೂ ಬೆವರಿದರು. ಆಮೇಲೆ ಬಾಗಿಲ ಕಡೆ ನೋಡಿ ತೆಗೆದರು.

1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ, ಪೇಟೆಂಟ್ ಕಾಗದಗಳ ನಕಲಿನ ಕೆಲಸದಿಂದ ಬೇಸತ್ತಿದ್ದ ಚೆಸ್ಟರ್ ಕಾರ್ಲ್‌ಸನ್, ಗಂಧಕ ಸವರಿದ ಸತುವಿನ ತಗಡನ್ನು ಬಟ್ಟೆಯಿಂದ ಉಜ್ಜಿ, ದೀಪದ ಬೆಳಕು ಬಿಟ್ಟು, ಪುಡಿ ಉದುರಿಸಿ, ಮೇಣದ ಕಾಗದದ ಮೇಲೆ ದಿನಾಂಕವನ್ನೂ ಊರಿನ ಹೆಸರನ್ನೂ ಮೂಡಿಸಿದರು. ಲೇಸರ್ ಪ್ರಿಂಟರಿನ ಮುತ್ತಜ್ಜನೆಂದರೆ ಅದೇ. ಅಂದು ಅಡುಗೆಮನೆಯ ಸಲಕರಣೆಯಂಥದ್ದರಲ್ಲಿ ಮೂಡಿದ ತಾರೀಖು ಇಲ್ಲಿ ಮೂಡಲು ಒಬ್ಬ ಕಾಫಿ ಬೆಳೆಗಾರ ಬೇಕಾಯಿತು.

ನನ್ನ ಹೊಸ ಪತ್ರ ಕಾಡಿಗೆಯಂತೆ ಕಪ್ಪಗೆ ಬಂತು. ‘ಇರುವುದಿಲ್ಲ’ ಇಡಿಯಾಗಿ ಇತ್ತು, ಒತ್ತಕ್ಷರ ಸಮೇತ. ಚುಕ್ಕೆಗಳು ಮಾತ್ರ ಹೋಗಲಿಲ್ಲ. ಡ್ರಮ್ಮಿನ ಗಾಯ ಬಟ್ಟೆಯಲ್ಲಿ ಒರೆಸಿದರೆ ಮಾಯುವುದಲ್ಲ, ಹೊಸ ಕಾರ್ಟ್ರಿಡ್ಜೇ ಆಗಬೇಕು. ಅದಕ್ಕೆ ಇನ್ನೂ 560 ಪುಟ ಬಾಕಿ.

ಬ್ಯಾಂಕಿನ ಮೇಡಂ ಪತ್ರ ನೋಡಿ ಕುರ್ಚಿ ಹಿಂದಕ್ಕೆ ಸರಿಸಿದರು. “ಇದನ್ನು ಎಲ್ಲಿ ಮಾಡಿಸಿದಿರಿ ಸಾರ್? ಆ ಕಚೇರಿಯ ಕಾಗದ ಇಷ್ಟು ಸ್ಪಷ್ಟವಾಗಿ ಇರುವುದಿಲ್ಲ.” ಮೊಹರು ತೋರಿಸಿದೆ. ಮೊಹರು ಯಾರು ಬೇಕಾದರೂ ಮಾಡಿಸುತ್ತಾರೆ ಎಂದರು. ಕೊನೆಗೆ ಹಳೆಯ ಮಸುಕು ಪತ್ರವನ್ನು ಜೇಬಿನಿಂದ ತೆಗೆದು ಪಕ್ಕದಲ್ಲಿಟ್ಟೆ. ಅವರು ಸ್ಕೇಲ್ ತೆಗೆದುಕೊಂಡು ಎರಡರಲ್ಲೂ ಎಡ ಅಂಚಿನಿಂದ ಬೊಟ್ಟಿಗೆ ಎಷ್ಟು, ಬೊಟ್ಟಿನಿಂದ ಬೊಟ್ಟಿಗೆ ಎಷ್ಟು ಎಂದು ಅಳೆದರು. ಒಂದು ಕೂದಲೆಳೆಯೂ ಆಚೀಚೆ ಇರಲಿಲ್ಲ.

“ಹಾಂ, ಅವರದೇ” ಎಂದು ಪತ್ರ ಸ್ವೀಕರಿಸಿದರು.