ರಾತ್ರಿ ಕಡಲಲ್ಲಿ ಎದುರಿನವರ ಕಣ್ಣು ಕುಕ್ಕುವ ಫ್ಲಡ್‌ಲೈಟುಗಳು

ಉಡುಪಿ ಜಿಲ್ಲೆಯ ಗಂಗೊಳ್ಳಿಯಲ್ಲಿ, ನದಿ ಕಡಲು ಸೇರುವ ಅಳಿವೆಯಲ್ಲಿ ರಾತ್ರಿ ಹೊತ್ತು ಸಣ್ಣ ದೋಣಿ ನಡೆಸುವವರ ಪಾಡನ್ನು ನುಂಗಿಕೊಂಡು ಇನ್ನು ಸುಮ್ಮನಿರಲು ನನ್ನಿಂದಾಗದು. ಎದುರಿನಿಂದ ಬರುವ ದೊಡ್ಡ ಬೋಟು ಕ್ಯಾಬಿನ್ನಿನ ಮಾಡಿನ ಮೇಲೆ ನಾಲ್ಕೈದು ಎಲ್‌ಇಡಿ ಫ್ಲಡ್‌ಲೈಟುಗಳನ್ನು ಮುಂದಕ್ಕೆ ತಿರುಗಿಸಿ ಉರಿಸಿಕೊಂಡು ಬಂದರೆ, ಅದರ ಎಡ ಯಾವುದು, ಬಲ ಯಾವುದು, ನಮ್ಮ ಮೇಲೆಯೇ ಬರುತ್ತಿದೆಯೋ ಪಕ್ಕದಿಂದ ದಾಟುತ್ತದೆಯೋ ಎಂಬುದು ಒಂದೂ ತಿಳಿಯುವುದಿಲ್ಲ. ಅದು ದಾಟಿದ ಮೇಲೂ ಕಣ್ಣು ಮತ್ತೆ ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಹೂಳು ತುಂಬಿದ ಅಳಿವೆಯಲ್ಲಿ ಅಷ್ಟು ಹೊತ್ತು ಕಾಯುವವರು ಯಾರು? ದಾರಿ ಸ್ವಲ್ಪ ತಪ್ಪಿದರೂ ದೋಣಿ ಮರಳಿನ ಮೇಲೆ ಕೂರುತ್ತದೆ.

ಕೇಳಿದರೆ ಬೋಟು ನಡೆಸುವ ತಾಂಡೇಲರು, ಬೇರೆಯವರ ಬಲೆ ಕಾಣಬೇಕಲ್ಲ ಎನ್ನುತ್ತಾರೆ. ಬಲೆ ಎಳೆಯುವಾಗ ಬೋಟಿನ ಡೆಕ್ಕಿನ ಮೇಲೆ ಬೆಳಕು ಬೇಕೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಅದಕ್ಕೆ ಮರೆಯಿರುವ, ಕೆಳಮುಖದ ದೀಪ ಸಾಕು, ಓಟ ಶುರುವಾದೊಡನೆ ಅದನ್ನು ಆರಿಸಬೇಕು. ಮುಂದಕ್ಕೆ ತಿರುಗಿಸಿದ ಬೆಳಕು ಮಂಜಿಗೂ ನೀರಿನ ತುಂತುರಿಗೂ ತಾಗಿ ಹಿಂದಕ್ಕೆ ಎರಚಿ, ಚುಕ್ಕಾಣಿ ಹಿಡಿದವನ ಕಣ್ಣನ್ನೇ ಮೊದಲು ಕೆಡಿಸುತ್ತದೆ.

ಸಮುದ್ರದಲ್ಲಿ ಡಿಕ್ಕಿ ತಪ್ಪಿಸಲು 1972ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ನಿಯಮಗಳು ನಮಗೂ ಅನ್ವಯಿಸುತ್ತವೆ. ಓಡುವ ಬೋಟಿಗೆ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಎಡಬದಿಗೆ ಕೆಂಪು, ಬಲಬದಿಗೆ ಹಸಿರು, ಹಿಂಬದಿಗೆ ಬಿಳಿ ದೀಪವಿರಬೇಕು. ಟ್ರಾಲ್ ಎಂಬ ಎಳೆಬಲೆಯನ್ನು ಎಳೆಯುವಾಗ ಹಸಿರಿನ ಕೆಳಗೆ ಬಿಳಿ, ಬೇರೆ ಬಲೆ ಬಿಟ್ಟಿರುವಾಗ ಕೆಂಪಿನ ಕೆಳಗೆ ಬಿಳಿ ದೀಪ ಸುತ್ತಲೂ ಕಾಣಬೇಕು. ಮೀನು ಹಿಡಿಯುವುದು ಮುಗಿದು ದಕ್ಕೆಯತ್ತ, ಅಂದರೆ ಬೋಟು ಕಟ್ಟುವ ಬಂದರುಕಟ್ಟೆಯತ್ತ, ಹೊರಟಾಗ ಆ ಜೋಡಿಯನ್ನು ಆರಿಸಿ, ಉಳಿದ ಯಂತ್ರದೋಣಿಗಳಂತೆ ಎತ್ತರದಲ್ಲಿ ಬಿಳಿ ದೀಪ ಹಚ್ಚಬೇಕು. ಈ ದೀಪಗಳೆಂದು ತಪ್ಪು ತಿಳಿಯುವಂಥ, ಅಥವಾ ಕಾವಲು ನೋಡುವವನಿಗೆ ಅಡ್ಡಿಯಾಗುವಂಥ ಬೇರಾವ ಬೆಳಕೂ ಇರಬಾರದೆಂದು ಅದೇ ನಿಯಮ ಸ್ಪಷ್ಟವಾಗಿ ಹೇಳುತ್ತದೆ.

ಇಷ್ಟನ್ನು ಪಾಲಿಸೋಣವೆಂದು ಅಂಗಡಿಗೆ ಹೋದರೆ ಅಲ್ಲಿಯ ಕಥೆ ಇನ್ನೂ ಕೆಟ್ಟದು. ಬೋಟಿನ ದೀಪವೆಂದು ನನ್ನ ಕೈಗಿಟ್ಟದ್ದು ಲಾರಿಗೆ ಕಟ್ಟುವ ಬಣ್ಣದ ದೀಪ. ಬದಿಯ ದೀಪ ನೇರ ಮುಂದಿನಿಂದ ತನ್ನ ಬದಿಯ ಹಿಂದಕ್ಕೆ 112.5 ಡಿಗ್ರಿಯಷ್ಟು ಮಾತ್ರ ಕಾಣಬೇಕು. ಅಂಗಡಿಯ ಈ ದೀಪಕ್ಕೆ ಮರೆಯೇ ಇಲ್ಲದ್ದರಿಂದ ಕೆಂಪು ಬಲಬದಿಯಿಂದಲೂ ಹಸಿರು ಎಡಬದಿಯಿಂದಲೂ ಕಾಣುತ್ತದೆ, ಅಂದರೆ ಬೋಟು ಯಾವತ್ತ ಮುಖ ಮಾಡಿದೆ ಎಂಬುದರ ಬಗ್ಗೆ ನೋಡುವವನಿಗೆ ಸುಳ್ಳು ಹೇಳುತ್ತದೆ. ಬಿಸಿಲಿಗೆ ಅದರ ಕೆಂಪು ಗಾಜು, ಗಾಜೇನು ಬಂತು, ಪ್ಲಾಸ್ಟಿಕ್ಕು, ಬಿಳುಚಿ ತೆಳು ಗುಲಾಬಿಯಾಯಿತು. ಬಿಚ್ಚಿ ನೋಡಿದರೆ ಒಳಗೆ ಉಪ್ಪುನೀರು ನಿಂತು, ತಾಮ್ರದ ತಂತಿ ಪುಡಿಪುಡಿಯಾಗುವಷ್ಟು ಹಸಿರು ಕಿಲುಬು ಹಿಡಿದಿತ್ತು. ಹನ್ನೆರಡು ಮೀಟರಿಗಿಂತ ಚಿಕ್ಕ ದೋಣಿಯ ಬದಿಯ ದೀಪವೂ ಒಂದು ನಾಟಿಕಲ್ ಮೈಲಿ ದೂರಕ್ಕೆ ಕಾಣಬೇಕು. ಎಷ್ಟು ದೂರ ಕಾಣುತ್ತದೆಂದು ಕೇಳಿದ್ದಕ್ಕೆ ಅಂಗಡಿಯವರು ಅದು ಎಷ್ಟು ವ್ಯಾಟ್ ವಿದ್ಯುತ್ತಿನದೆಂಬ ಲೆಕ್ಕ ಹೇಳಿದರು! ಸಾಲದ್ದಕ್ಕೆ ಇಂಥ ಅಗ್ಗದ ಎಲ್‌ಇಡಿಗಳು, ಕಡಲಲ್ಲಿ ಬೋಟುಗಳು ಮಾತಾಡಿಕೊಳ್ಳುವ ವಿಎಚ್‌ಎಫ್ ರೇಡಿಯೋಗೂ ಅಡ್ಡಿ ಮಾಡಬಹುದು. ದೀಪ ಹಾಕಿದೊಡನೆ ರೇಡಿಯೋ ಭೋರಿಟ್ಟು, ಆರಿಸಿದೊಡನೆ ನಿಂತರೆ ದೋಷ ದೀಪದ್ದೇ. ಆಪತ್ತಿನಲ್ಲಿ ಕೂಗುವವನ ದನಿ ಆ ಭೋರಿನಲ್ಲಿ ಮುಳುಗಿಹೋದರೆ ಯಾರು ಹೊಣೆ?

ಎಲ್‌ಇಡಿ ಬೆಳಕಿನಿಂದ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿತು. ಅದು ನ್ಯಾಯವೇ. ಆದರೆ ದೀಪದ ಮಾತೆಂದರೆ ಅಷ್ಟೇ ಎಂಬಂತಾಗಿದೆ. ನಮ್ಮ ದಕ್ಕೆಯಲ್ಲಿ ತಪಾಸಣೆಗೆ ಬಂದವರು ಕಾಗದಪತ್ರ ನೋಡಿ ಲೈಫ್ ಜಾಕೆಟ್ ಎಣಿಸಿ ಹೋಗುತ್ತಾರೆಯೇ ಹೊರತು, ಬದಿಯ ದೀಪ ಹಾಕಿ ತೋರಿಸಿ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಹಗಲು ಹನ್ನೊಂದಕ್ಕೆ ಬಂದವರಿಗೆ ದೀಪ ಕಾಣುವುದಾದರೂ ಹೇಗೆ? ಮಳೆಗಾಲದ ಮೀನುಗಾರಿಕೆ ನಿಷೇಧದಿಂದಾಗಿ ಜೂನ್ ಒಂದರಿಂದ 61 ದಿನ ದೊಡ್ಡ ಬೋಟುಗಳೆಲ್ಲ ದಡದಲ್ಲೇ ಇರುತ್ತವೆ. ಜುಲೈ ಮುಗಿಯುವುದರೊಳಗೆ ಒಂದು ಸಂಜೆ, ಕತ್ತಲಾದ ಮೇಲೆ ಬಂದು, ಪ್ರತಿಯೊಂದು ಬೋಟಿನ ದೀಪಗಳನ್ನು ಎರಡು ಬದಿಯಿಂದಲೂ ಹಿಂದಿನಿಂದಲೂ ನೋಡಿ, ಮುಂದಕ್ಕೆ ತಿರುಗಿಸಿದ ಫ್ಲಡ್‌ಲೈಟುಗಳನ್ನು ಅಲ್ಲಿಯೇ ಬಿಚ್ಚಿಸಿದ ಬಳಿಕವೇ ಕಡಲಿಗೆ ಬಿಡಲಿ.